ಸತ್ತ ಹೃದಯದ ಸ್ನಾಯು ಮತ್ತೆ ಬೆಳೆಯುತ್ತದೆಯೇ? ಸ್ಟೆಮ್ ಸೆಲ್‌ಗೆ ದುಡ್ಡು ಕಟ್ಟುವ ಮೊದಲು ಇಷ್ಟು ತಿಳಿದಿರಲಿ

ಕದ್ರಾ: ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಅಂಕಿ ಇರುತ್ತದೆ. ಡಾಕ್ಟರ್ ಭಾಷೆಯಲ್ಲಿ ಅದು ಎಜೆಕ್ಷನ್ ಫ್ರ್ಯಾಕ್ಷನ್. ಮನೆಯವರ ಬಾಯಲ್ಲಿ ‘ಪಂಪಿಂಗ್’. ‘ಪಂಪಿಂಗ್ ಮೂವತ್ತೇ ಅಂತೆ’ ಎಂಬ ಮಾತು ಕದ್ರಾ, ಮಲ್ಲಾಪುರ, ಕೆರವಡಿ ಕಡೆಯ ಮನೆಗಳಿಗೂ ಹೊಸತಲ್ಲ.

ಆಮೇಲೆ ಶುರುವಾಗುವುದು ಮೊಬೈಲ್ ಕಾಟ. ‘ಆಪರೇಷನ್ ಬೇಡ, ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಹೃದಯ ಹೊಸದಾಗುತ್ತದೆ’ ಎಂಬ ವಿಡಿಯೋ ಸಂಬಂಧಿಕರ ಗ್ರೂಪಿಗೆ ಬಂದು ಬೀಳುತ್ತದೆ. ಕೆಳಗೆ ಯಾವುದೋ ದೊಡ್ಡ ಊರಿನ ಕ್ಲಿನಿಕ್ ನಂಬರ್. ಫೋನ್ ಮಾಡಿದರೆ ಕೆಲವು ಲಕ್ಷದ ಪ್ಯಾಕೇಜ್. ಅಪ್ಪನಿಗಾಗಿ ಬಂಗಾರ ಅಡವಿಡಬೇಕೋ, ಅಂಗಡಿ ಸಾಮಾನಿಗೆ ಇಟ್ಟ ದುಡ್ಡು ತೆಗೆಯಬೇಕೋ ಎಂದು ಮಕ್ಕಳು ಯೋಚಿಸುವುದು ಇಲ್ಲಿಂದಲೇ.

ನೇರ ಉತ್ತರ ಮೊದಲೇ ಹೇಳಿಬಿಡಬಹುದು. ಸತ್ತುಹೋದ ಹೃದಯದ ಸ್ನಾಯುವನ್ನು ಮತ್ತೆ ಬೆಳೆಸಲು ಜಗತ್ತಿನ ದೊಡ್ಡ ದೊಡ್ಡ ಲ್ಯಾಬ್‌ಗಳಲ್ಲಿ ನಿಜವಾದ ಕೆಲಸ ನಡೆದಿದೆ. ಆದರೆ ದುಡ್ಡು ಕೊಟ್ಟು ಮಾಡಿಸಿಕೊಳ್ಳಬಹುದಾದ ಚಿಕಿತ್ಸೆಯಾಗಿ ಅದಕ್ಕೆ ಭಾರತದಲ್ಲಿ ಮಾನ್ಯತೆ ಇಲ್ಲ. ಯಾಕೆ ಇಲ್ಲ, ಎಲ್ಲಿಯವರೆಗೆ ಬಂದಿದೆ, ಅಷ್ಟರೊಳಗೆ ಏನು ಮಾಡಬಹುದು ಎನ್ನುವುದು ಸ್ವಲ್ಪ ಉದ್ದದ ಕಥೆ.

ಮೂವತ್ತು ಅಂದ್ರೆ ನೂರಕ್ಕೆ ಮೂವತ್ತಲ್ಲ

ಮೊದಲು ಆ ಅಂಕಿಯ ಬಗ್ಗೆ. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟು ಹೊರಗೆ ಹೋಗುತ್ತದೆ ಎನ್ನುವುದೇ ಪಂಪಿಂಗ್. ಗಟ್ಟಿಮುಟ್ಟಾದ ಆಳಿಗೂ ಇದು ನೂರು ಇರುವುದಿಲ್ಲ, ಸುಮಾರು 55ರಿಂದ 70 ಇರುತ್ತದೆ. ಹಾಗಾಗಿ 30 ಎಂದರೆ ಪರೀಕ್ಷೆಯಲ್ಲಿ ಫೇಲಾದ ಮಾರ್ಕ್ಸ್ ಎಂದು ಓದಿಕೊಂಡು ಕೈಚೆಲ್ಲಬೇಕಿಲ್ಲ. ಕಡಿಮೆ ಹೌದು, ಎಚ್ಚರಿಕೆ ಬೇಕೇ ಬೇಕು. ಆದರೆ 30 ಇದ್ದವರು ಸರಿಯಾದ ಔಷಧದಲ್ಲಿ ವರ್ಷಗಟ್ಟಲೆ ಅಂಗಡಿ ನಡೆಸಿಕೊಂಡು ಹೋಗುವುದೂ ಇದೆ.

ಈ ಅಂಕಿ ಯಾಕೆ ಇಳಿಯುತ್ತದೆ ಎನ್ನುವುದನ್ನು ಕದ್ರಾದವರಿಗೆ ವಿವರಿಸುವುದು ಸುಲಭ. ಕಾಳಿ ನದಿಯ ಕೊನೆಯ ಅಣೆಕಟ್ಟಿನ ಬುಡದಲ್ಲಿ 50 ಮೆಗಾವ್ಯಾಟ್‌ನ ಮೂರು ಯಂತ್ರಗಳಿವೆ. ಒಂದು ಪೂರ್ತಿ ಕೆಟ್ಟರೆ ಉಳಿದೆರಡರ ಮೇಲೆ ಭಾರ. ಹೃದಯದಲ್ಲೂ ಹಾಗೇ: ಒಂದು ರಕ್ತನಾಳ ಕಟ್ಟಿದಾಗ ಅದರ ಪಾಲಿನ ಸ್ನಾಯು ಸಾಯುತ್ತದೆ, ಉಳಿದ ಭಾಗ ಇಡೀ ದೇಹಕ್ಕೆ ದುಡಿಯಬೇಕಾಗುತ್ತದೆ. ಯಂತ್ರಕ್ಕಾದರೆ ಬಿಡಿಭಾಗ ತರಿಸಬಹುದು. ಸತ್ತ ಸ್ನಾಯುವಿನ ಜಾಗದಲ್ಲಿ ದೇಹ ತುಂಬುವುದು ಕಲೆಯನ್ನು. ಮೊಣಕಾಲಿಗೆ ಗಾಯವಾಗಿ ಉಳಿಯುವ ಕಲೆಯಂಥದ್ದೇ. ಅದು ಗಟ್ಟಿ ಇರುತ್ತದೆ, ಹೃದಯ ಒಡೆಯದಂತೆ ಹಿಡಿದಿಡುತ್ತದೆ. ಆದರೆ ಮಿಡಿಯುವುದಿಲ್ಲ.

ದೊಡ್ಡ ಹೃದಯಾಘಾತದಲ್ಲಿ ನೂರು ಕೋಟಿಯಷ್ಟು ಸ್ನಾಯುಕೋಶಗಳು ಕೆಲವೇ ತಾಸುಗಳಲ್ಲಿ ಸಾಯಬಹುದು ಎಂಬುದು ವಿಜ್ಞಾನಿಗಳ ಅಂದಾಜು.

ಬಾಂಬು ಹೇಳಿದ ವಯಸ್ಸು

ಚರ್ಮ ಸುಲಿದರೆ ಬರುತ್ತದೆ, ರಕ್ತ ಕೊಟ್ಟರೆ ತುಂಬಿಕೊಳ್ಳುತ್ತದೆ, ಹೃದಯಕ್ಕೇಕೆ ಆಗದು? ಹೃದಯದ ಕೋಶಗಳು ಹುಟ್ಟಿನಿಂದ ಸಾಯುವವರೆಗೆ ಅವೇ ಎಂದು ಬಹುಕಾಲ ನಂಬಲಾಗಿತ್ತು. ಇದು ಪೂರ್ತಿ ನಿಜವಲ್ಲ ಎಂದು ತೋರಿಸಿದ್ದು 2009ರಲ್ಲಿ ಸ್ವೀಡನ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಯೊನಾಸ್ ಫ್ರಿಸೆನ್ ತಂಡ. ಅವರ ಉಪಾಯ ಕೈಗಾ ಪಕ್ಕದಲ್ಲೇ ಇರುವ ಊರಿನವರ ಕಿವಿ ನೆಟ್ಟಗಾಗಿಸುವಂಥದ್ದು. 1950–60ರ ದಶಕದಲ್ಲಿ ದೊಡ್ಡ ದೇಶಗಳು ಬಯಲಿನಲ್ಲಿ ಅಣುಬಾಂಬು ಪರೀಕ್ಷೆ ಮಾಡಿದಾಗ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಾಗಿ, 1963ರ ಒಪ್ಪಂದದ ನಂತರ ಮೆಲ್ಲಗೆ ಇಳಿಯಿತು. ಒಂದು ಕೋಶ ಹುಟ್ಟಿದಾಗ ಅದರ ಡಿಎನ್‌ಎಯಲ್ಲಿ ಆ ವರ್ಷದ ಕಾರ್ಬನ್ ಪ್ರಮಾಣ ಅಚ್ಚಾಗಿ ಉಳಿಯುತ್ತದೆ. ಅದನ್ನು ಅಳೆದರೆ ಕೋಶದ ವಯಸ್ಸು ಗೊತ್ತಾಗುತ್ತದೆ. (ಇದು ಬಾಂಬಿನ ಮಾತು. ವಿದ್ಯುತ್ ಸ್ಥಾವರಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.)

ಸಿಕ್ಕ ಉತ್ತರ: 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ 1ರಷ್ಟು ಹೃದಯ ಸ್ನಾಯುಕೋಶಗಳು ಹೊಸದಾಗುತ್ತವೆ, 75ಕ್ಕೆ ಬರುವಷ್ಟರಲ್ಲಿ ಅದು ಶೇ 0.45ಕ್ಕೆ ಇಳಿಯುತ್ತದೆ. ಅಂದ್ರೆ ಹೃದಯಕ್ಕೆ ಬೆಳೆಯುವ ಶಕ್ತಿ ಸೊನ್ನೆಯಲ್ಲ. ಆದರೆ ಹಾರ್ಟ್ ಅಟ್ಯಾಕ್‌ನಲ್ಲಿ ಒಂದೇ ದಿನ ಆಗುವ ನಷ್ಟ ತುಂಬಲು ಈ ವೇಗ ಯಾವ ಮೂಲೆಗೂ ಸಾಲದು.

ಕೆಲವು ಜೀವಿಗಳಿಗೆ ಇದು ಸಲೀಸು. ನಮ್ಮ ಉಪಖಂಡದ ಹಳ್ಳಗಳಲ್ಲೇ ಇರುವ ಪಟ್ಟೆಪಟ್ಟೆ ಜೀಬ್ರಾ ಮೀನಿನ ಹೃತ್ಕುಕ್ಷಿಯ ಐದನೇ ಒಂದು ಭಾಗ ಕತ್ತರಿಸಿದರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ ಎಂದು 2002ರಲ್ಲಿ ಗೊತ್ತಾಯಿತು. ಒಂದು ದಿನದ ಇಲಿಮರಿಯ ಹೃದಯವೂ ಹಾಗೆ ಬೆಳೆಯಬಲ್ಲದು. ಏಳನೇ ದಿನಕ್ಕೆ ಆ ಶಕ್ತಿ ಹೋಗಿರುತ್ತದೆ. ಯಾವುದೋ ಸ್ವಿಚ್ ಆಫ್ ಆಗುತ್ತದೆ, ಅದನ್ನು ಮತ್ತೆ ಆನ್ ಮಾಡಬಹುದೇ ಎನ್ನುವುದೇ ಇಡೀ ಸಂಶೋಧನೆಯ ಹುಡುಕಾಟ.

ಇಪ್ಪತ್ತು ವರ್ಷ ಅಡ್ಡದಾರಿ

ವಿಡಿಯೋಗಳಲ್ಲಿ ಕೇಳುವ ‘ಮೂಳೆ ಮಜ್ಜೆಯಿಂದ ಸ್ಟೆಮ್ ಸೆಲ್ ತೆಗೆದು ಹೃದಯಕ್ಕೆ ಹಾಕುತ್ತೇವೆ’ ಎಂಬ ಮಾತಿನ ಮೂಲ 2001ರದ್ದು. ಮಜ್ಜೆಯ ಆಕರಕೋಶಗಳನ್ನು ಇಲಿಯ ಹೃದಯಕ್ಕೆ ಚುಚ್ಚಿದಾಗ ಅವು ಹೃದಯ ಸ್ನಾಯುವಾಗಿಯೇ ಬದಲಾದವು ಎಂದು ಅಮೆರಿಕದಲ್ಲಿ ಪಿಯೆರೊ ಅನ್ವೆರ್ಸಾ ಮತ್ತು ಜೊತೆಗಾರರು ಪ್ರಕಟಿಸಿದರು. ಜಗತ್ತೇ ಹಿಂದೆ ಬಿತ್ತು. ಕೆಲವೇ ವರ್ಷಗಳಲ್ಲಿ ಮನುಷ್ಯರ ಮೇಲೂ ಪ್ರಯೋಗ ನಡೆಯಿತು. ಆದರೆ ಬೇರೆ ಲ್ಯಾಬ್‌ಗಳು ಅದೇ ಪ್ರಯೋಗ ಮಾಡಿದಾಗ ಆ ಫಲಿತಾಂಶ ಬರಲೇ ಇಲ್ಲ. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗಮ್ ಆಸ್ಪತ್ರೆಯೇ ಮುಂದೆ ಬಂದು, ಅನ್ವೆರ್ಸಾ ಪ್ರಯೋಗಾಲಯದ 31 ಲೇಖನಗಳಲ್ಲಿ ಸುಳ್ಳು ದತ್ತಾಂಶ ಇದೆ, ಹಿಂಪಡೆಯಿರಿ ಎಂದು ಪತ್ರಿಕೆಗಳನ್ನು ಕೇಳಿಕೊಂಡವು. ಅದಕ್ಕೂ ಹಿಂದಿನ ವರ್ಷ ಇದೇ ವಿಷಯದಲ್ಲಿ ಆಸ್ಪತ್ರೆ ಕಡೆಯವರು ಅಮೆರಿಕ ಸರ್ಕಾರಕ್ಕೆ ಒಂದು ಕೋಟಿ ಡಾಲರ್ ಕಟ್ಟಿದ್ದರು.

ಪ್ರಾಮಾಣಿಕವಾಗಿ ನಡೆದ ಪ್ರಯೋಗಗಳೂ ಇದ್ದವು. ಯುರೋಪಿನಲ್ಲಿ ಹೃದಯಾಘಾತವಾದ 375 ರೋಗಿಗಳ ಮೇಲೆ ನಡೆದ ‘ಬಾಮಿ’ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಎರಡು ವರ್ಷದಲ್ಲಿ ಸಾವಿನ ಪ್ರಮಾಣದಲ್ಲಿ, ಮಜ್ಜೆಯ ಕೋಶ ಪಡೆದವರಿಗೂ ಪಡೆಯದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮೂರು ಸಾವಿರ ಜನ ಬೇಕೆಂದು ಹೊರಟ ಪ್ರಯೋಗಕ್ಕೆ ಅಷ್ಟು ರೋಗಿಗಳೂ ಸಿಗಲಿಲ್ಲ.

ನಮ್ಮ ಕರ್ನಾಟಕದ್ದೇ ಪ್ರಯೋಗ

ಇದರಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಮಣಿಪಾಲ ಸಮೂಹದಿಂದ ಹುಟ್ಟಿದ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ, ಆರೋಗ್ಯವಂತ ದಾನಿಗಳ ಮಜ್ಜೆಯಿಂದ ‘ಸ್ಟೆಂಪ್ಯೂಸೆಲ್’ ಎಂಬ ಕೋಶ ಔಷಧ ತಯಾರಿಸಿತು. ಹೊಸದಾಗಿ ಹೃದಯಾಘಾತವಾಗಿ ಆ್ಯಂಜಿಯೋಪ್ಲಾಸ್ಟಿ ಆದ 20 ರೋಗಿಗಳಲ್ಲಿ ಹತ್ತು ಮಂದಿಗೆ ಈ ಕೋಶ, ಹತ್ತು ಮಂದಿಗೆ ಬರೀ ದ್ರಾವಣ ಕೊಟ್ಟು ನೋಡಿದರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. 2015ರಲ್ಲಿ ಫಲಿತಾಂಶ ಪ್ರಕಟವಾಯಿತು: ಔಷಧ ಸುರಕ್ಷಿತ. ಪಂಪಿಂಗ್ ಎರಡೂ ಗುಂಪಿನಲ್ಲಿ ಸ್ವಲ್ಪ ಸುಧಾರಿಸಿತು, ಕೋಶ ಕೊಟ್ಟಿದ್ದಕ್ಕೇ ಹೆಚ್ಚಾಯಿತು ಎಂದು ಹೇಳುವಷ್ಟು ವ್ಯತ್ಯಾಸ ಇರಲಿಲ್ಲ.

ಈ ಕೊನೆಯ ಮಾತನ್ನು ಅಂಗಡಿ ಲೆಕ್ಕದಷ್ಟೇ ಎಚ್ಚರದಿಂದ ಓದಬೇಕು. ಕೋಶ ಕೊಡದವರಿಗೂ ಪಂಪಿಂಗ್ ಏರಿತು. ಹಾರ್ಟ್ ಅಟ್ಯಾಕ್ ಆದ ಮೊದಲ ವಾರ ಮಂಕಾಗಿದ್ದ ಸ್ನಾಯು, ರಕ್ತ ಹರಿದ ಮೇಲೆ ತಾನಾಗೇ ಚೇತರಿಸಿಕೊಳ್ಳುವುದು ಸಾಮಾನ್ಯ. ‘ನಮ್ಮಲ್ಲಿ ಇಂಜೆಕ್ಷನ್ ತಗೊಂಡವರ ಪಂಪಿಂಗ್ 30ರಿಂದ 38ಕ್ಕೆ ಹೋಯ್ತು’ ಎಂದು ಕ್ಲಿನಿಕ್‌ನವರು ಎಕೋ ರಿಪೋರ್ಟ್ ತೋರಿಸಿದರೆ ಅದು ಸುಳ್ಳಾಗಿರಬೇಕಿಲ್ಲ. ಇಂಜೆಕ್ಷನ್ ಇಲ್ಲದೆಯೂ ಅಷ್ಟೇ ಏರುತ್ತಿತ್ತೋ ಏನೋ ಎಂಬ ಪ್ರಶ್ನೆಗೆ ಮಾತ್ರ ಆ ಕಾಗದದಲ್ಲಿ ಉತ್ತರ ಇರುವುದಿಲ್ಲ.

ಇದೇ ಸ್ಟೆಂಪ್ಯೂಸೆಲ್‌ಗೆ ಕಾಲಿನ ರಕ್ತನಾಳ ಕಟ್ಟಿ ಕೊಳೆಯುವ ಕಾಯಿಲೆಗೆ ಒಪ್ಪಿಗೆ ಸಿಕ್ಕಿದೆ. ಬೀಡಿ, ಸಿಗರೇಟು ಸೇದುವವರಲ್ಲಿ ಕಾಣುವ ಬರ್ಗರ್ ಕಾಯಿಲೆಗೆ 2016ರಲ್ಲಿ ಭಾರತದ ಔಷಧ ನಿಯಂತ್ರಕರು ಸೀಮಿತ ಅನುಮತಿ ಕೊಟ್ಟರು, 2020ರಲ್ಲಿ ಅದು ವಿಸ್ತಾರವಾಯಿತು. ಅದನ್ನೇ ತೋರಿಸಿ ‘ಸರ್ಕಾರ ಒಪ್ಪಿದ ಸ್ಟೆಮ್ ಸೆಲ್’ ಎಂದು ಹೃದಯಕ್ಕೂ ಹೇಳುವವರಿದ್ದರೆ ನಂಬಬೇಡಿ. ಒಪ್ಪಿದ್ದು ಕಾಲಿಗೆ.

ಜಪಾನ್, ಜರ್ಮನಿಯಲ್ಲಿ ಏನಾಗುತ್ತಿದೆ

ಹೊಸ ದಾರಿ ಬೇರೆಯೇ. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ, ಬೆಳೆದ ಇಲಿಯ ಚರ್ಮದ ಕೋಶವನ್ನು ಹಿಂದಕ್ಕೆ ನಡೆಸಿ, ಯಾವ ಅಂಗವಾದರೂ ಆಗಬಲ್ಲ ಆರಂಭದ ಸ್ಥಿತಿಗೆ ತರಬಹುದು ಎಂದು ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಈ ವಿಧಾನದಿಂದ ಮನುಷ್ಯರ ಕೋಶಗಳನ್ನೂ ಪಾತ್ರೆಯಲ್ಲೇ ಹೃದಯ ಸ್ನಾಯುವಾಗಿ ಬೆಳೆಸಬಹುದು. ಪಾತ್ರೆಯೊಳಗೆ ಅವು ಮಿಡಿಯುತ್ತವೆ ಕೂಡ.

ಒಸಾಕಾ ವಿಶ್ವವಿದ್ಯಾಲಯದ ಯೊಶಿಕಿ ಸಾವಾ ತಂಡ ಇಂಥ ಕೋಶಗಳ ತೆಳು ಹಾಳೆ ಮಾಡಿ, ರಕ್ತಪೂರೈಕೆ ಕಡಿಮೆಯಾಗಿ ಸೊರಗಿದ ಹೃದಯಕ್ಕೆ ಅಂಟಿಸಿತು. ಮೊದಲ ಆಪರೇಷನ್ 2020ರ ಜನವರಿಯಲ್ಲಿ. ಪ್ರಯೋಗದಲ್ಲಿದ್ದವರು ಒಟ್ಟು ಎಂಟು ಮಂದಿ. 2025ರ ಏಪ್ರಿಲ್‌ನಲ್ಲಿ ಇದರ ಕಂಪನಿ ಜಪಾನ್ ಸರ್ಕಾರದ ಮುಂದೆ ಅನುಮೋದನೆಗೆ ಅರ್ಜಿ ಹಾಕಿತು. ಜರ್ಮನಿಯ ಗಟಿಂಗನ್ ನಗರದ ತಂಡ ದಪ್ಪನೆಯ ಸ್ನಾಯು ತೇಪೆ ಮಾಡಿತು. ಅವರು 2025ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಂತೆ, ತೇಪೆ ಹಾಕಿದ 46 ವರ್ಷದ ಮಹಿಳೆಗೆ ಮೂರು ತಿಂಗಳ ನಂತರ ದಾನಿಯ ಹೃದಯ ಸಿಕ್ಕಿತು. ಹೊರತೆಗೆದ ಹಳೆಯ ಹೃದಯ ಪರೀಕ್ಷಿಸಿದಾಗ ತೇಪೆಯ ಸ್ನಾಯು ಬದುಕಿತ್ತು, ಅದಕ್ಕೆ ರಕ್ತನಾಳವೂ ಬೆಳೆದಿತ್ತು.

ಇದು ನಿಜಕ್ಕೂ ದೊಡ್ಡ ಸುದ್ದಿ. ಆದರೆ ಎಂಟು ಮಂದಿ, ಒಬ್ಬ ಮಹಿಳೆ. ಬೇರೆಯವರ ಕೋಶ ಆದ್ದರಿಂದ ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಬೇಕು. ಹೊಸ ಸ್ನಾಯು ಹಳೆಯದರ ತಾಳಕ್ಕೆ ಕೂಡದೆ ಬೇರೆ ಲಯದಲ್ಲಿ ಮಿಡಿದರೆ ಅದೇ ಪ್ರಾಣಕ್ಕೆ ಕುತ್ತು. ಅಲ್ಲಿ ಇದು ಎದೆ ತೆರೆದು ಮಾಡುವ ಆಪರೇಷನ್, ಕೈಗೆ ಚುಚ್ಚಿ ಸಂಜೆ ಮನೆಗೆ ಕಳಿಸುವ ಇಂಜೆಕ್ಷನ್ ಅಲ್ಲ.

ಕಾನೂನು ಏನು ಹೇಳುತ್ತದೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟ ಇದೆ. ರಕ್ತದ ಕ್ಯಾನ್ಸರ್‌ನಂಥ ಕಾಯಿಲೆಗಳಿಗೆ ಮಜ್ಜೆ ಕಸಿ ಮಾಡುವುದು ಒಪ್ಪಿತ ಚಿಕಿತ್ಸೆ. ಅದರಾಚೆ ಹೃದಯಕ್ಕೆ ಸ್ಟೆಮ್ ಸೆಲ್ ಕೊಡುವುದಿದ್ದರೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ.

ಹಾಗಾಗಿ ಯಾರಾದರೂ ಕರೆದರೆ ಕೇಳಬೇಕಾದ ಮೊದಲ ಮಾತು: ‘ಇದು ಪ್ರಯೋಗವೋ, ಚಿಕಿತ್ಸೆಯೋ?’ ಪ್ರಯೋಗ ಎಂದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಕೇಳಿ. ಸಿಟಿಆರ್‌ಐ ಎಂಬ ಅಕ್ಷರಗಳಿಂದ ಶುರುವಾಗುವ ಆ ಸಂಖ್ಯೆಯನ್ನು ಸರ್ಕಾರಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು, ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿದರೂ ಎರಡು ನಿಮಿಷದ ಕೆಲಸ. ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಪ್ರಯೋಗದಿಂದ ತೊಂದರೆಯಾದರೆ ಪರಿಹಾರ ಕೊಡುವ ಹೊಣೆ ಅವರದ್ದು. ಪ್ರಯೋಗದ ಔಷಧಕ್ಕೆ ರೋಗಿಯಿಂದಲೇ ದುಡ್ಡು ಕೇಳುತ್ತಾರೆ ಎಂದರೆ ಅಲ್ಲೇ ಎದ್ದು ಬನ್ನಿ. ‘ಚಿಕಿತ್ಸೆ’ ಎಂದರೆ ಇನ್ನೂ ಬೇಗ ಎದ್ದು ಬನ್ನಿ.

‘ನ್ಯಾಚುರಲ್ ಬೈಪಾಸ್’ ಎಂದು ಕಾಲಿಗೆ ಪಟ್ಟಿ ಕಟ್ಟಿ, ದಿನಕ್ಕೊಂದು ತಾಸಿನಂತೆ 35 ಸಲ ಒತ್ತುವ ಇಇಸಿಪಿ ಯಂತ್ರದ ಬಗ್ಗೆಯೂ ಜನ ಕೇಳುತ್ತಾರೆ. ಬೇರೆ ದಾರಿ ಇಲ್ಲದ ಎದೆನೋವಿನ ರೋಗಿಗಳಲ್ಲಿ ಕೆಲವರಿಗೆ ನೋವು ಕಡಿಮೆ ಮಾಡಬಹುದು. ಸತ್ತ ಸ್ನಾಯುವನ್ನು ಅದು ಎಬ್ಬಿಸುವುದಿಲ್ಲ.

ಬಾಡಿದ ಸಸಿ, ಒಣಗಿದ ಸಸಿ

ಇನ್ನು ಕೈಯಲ್ಲಿ ಇರುವುದೇನು? ರಕ್ತ ಕಡಿಮೆಯಾದ ಸ್ನಾಯುವೆಲ್ಲ ಸತ್ತಿರುವುದಿಲ್ಲ. ಗದ್ದೆಗೆ ನೀರು ನಿಂತಾಗ ಕೆಲವು ಸಸಿ ಒಣಗಿ ಹೋಗಿರುತ್ತವೆ, ಕೆಲವು ಬಾಡಿ ಮಲಗಿರುತ್ತವೆ. ದೂರದಿಂದ ಎರಡೂ ಒಂದೇ ಥರ. ಹೃದಯದಲ್ಲೂ ಬಾಡಿ ಮಲಗಿದ ಸ್ನಾಯು ಇರುತ್ತದೆ. ಬದುಕಿರುತ್ತದೆ, ದುಡಿಯುವುದಿಲ್ಲ. ಎಂಆರ್‌ಐ, ಪೆಟ್ ಸ್ಕ್ಯಾನ್‌ನಂಥ ಪರೀಕ್ಷೆಯಿಂದ ಇದನ್ನು ಗುರುತಿಸಬಹುದು.

ನೀರು ಬಿಟ್ಟರೆ ಏಳುತ್ತದೆಯೇ? ಇಲ್ಲಿ ಉತ್ತರ ನಿರೀಕ್ಷಿಸಿದಷ್ಟು ಸರಳವಾಗಿ ಬಂದಿಲ್ಲ. ಪಂಪಿಂಗ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದ 1,212 ರೋಗಿಗಳ ‘ಸ್ಟಿಚ್’ ಅಧ್ಯಯನದಲ್ಲಿ, ಬೈಪಾಸ್ ಆದವರು ಹತ್ತು ವರ್ಷದ ಲೆಕ್ಕದಲ್ಲಿ ಬರೀ ಔಷಧದವರಿಗಿಂತ ಹೆಚ್ಚು ಬದುಕುಳಿದರು. ಆದರೆ 2022ರಲ್ಲಿ ಬ್ರಿಟನ್ನಿನ 700 ರೋಗಿಗಳ ‘ರಿವೈವ್ಡ್’ ಅಧ್ಯಯನದಲ್ಲಿ, ಇಂಥವರಿಗೆ ಸ್ಟೆಂಟ್ ಹಾಕಿದರೂ ಒಳ್ಳೆಯ ಔಷಧ ಮಾತ್ರ ಕೊಟ್ಟರೂ ಫಲಿತಾಂಶ ಹೆಚ್ಚುಕಮ್ಮಿ ಒಂದೇ ಬಂತು. ಇದು ಹಾರ್ಟ್ ಅಟ್ಯಾಕ್ ಆದ ತಕ್ಷಣ ಹಾಕುವ ಸ್ಟೆಂಟ್ ಬಗ್ಗೆ ಹೇಳಿದ ಮಾತಲ್ಲ, ಅದು ಜೀವ ಉಳಿಸುತ್ತದೆ. ಹಳೆಯ, ದುರ್ಬಲ ಹೃದಯಕ್ಕೆ ಇನ್ನೊಂದು ಸ್ಟೆಂಟ್ ಹಾಕೋಣ ಎಂದಾಗ ಮಾತ್ರ ಇನ್ನೊಬ್ಬ ಹೃದ್ರೋಗ ತಜ್ಞರನ್ನೂ ಕೇಳುವುದರಲ್ಲಿ ತಪ್ಪಿಲ್ಲ.

ಯಾರೂ ವಿಡಿಯೋ ಮಾಡಿ ಹಂಚದ ಚಿಕಿತ್ಸೆ ಒಂದಿದೆ: ನಾಲ್ಕು ಬಗೆಯ ಮಾತ್ರೆ. ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್ ಗುಂಪಿನದ್ದು, ಸಕುಬಿಟ್ರಿಲ್–ವಾಲ್ಸಾರ್ಟನ್ ಅಥವಾ ಅದರ ಹಳೆಯ ಬಂಧುಗಳು, ಮತ್ತು ಮೊದಲು ಶುಗರ್‌ಗೆಂದು ಬಂದ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ದುರ್ಬಲ ಹೃದಯದವರು ಆಸ್ಪತ್ರೆ ಸೇರುವುದನ್ನೂ ಸಾವನ್ನೂ ಇವು ಕಡಿಮೆ ಮಾಡುತ್ತವೆ ಎಂದು ಸಾವಿರಾರು ರೋಗಿಗಳ ಮೇಲೆ ಸಾಬೀತಾಗಿದೆ. ಹಲವರ ಪಂಪಿಂಗ್ ಕೂಡ ಏರುತ್ತದೆ. ಪೇಟೆಂಟ್ ಮುಗಿದ ಮೇಲೆ ಹೊಸ ಮಾತ್ರೆಗಳ ಬೆಲೆಯೂ ಇಳಿದಿದೆ. ಮೊದಲ ತಿಂಗಳು ತಗೊಂಡು, ‘ಈಗ ಆರಾಮಿದ್ದೇನೆ’ ಎಂದು ಬಿಟ್ಟುಬಿಡುವುದೇ ದೊಡ್ಡ ತೊಂದರೆ. ಬಿಪಿ ತೀರಾ ಇಳಿಯಬಹುದು, ಪೊಟ್ಯಾಸಿಯಂ ಏರಬಹುದು, ಆದ್ದರಿಂದ ರಕ್ತಪರೀಕ್ಷೆ ಮಾಡಿಸುತ್ತ ಡಾಕ್ಟರ್ ಹೇಳಿದ ಪ್ರಮಾಣದಲ್ಲೇ ನಡೆಯಬೇಕು. ಪಕ್ಕದ ಮನೆಯವರ ಚೀಟಿ ನೋಡಿ ತಗೊಳ್ಳುವ ಮಾತ್ರೆಗಳಲ್ಲ ಇವು.

ಕದ್ರಾದಿಂದ ಆಸ್ಪತ್ರೆಗೆ

ಸತ್ತ ಸ್ನಾಯು ಬೆಳೆಸಲಾಗದು ಎಂದ ಮೇಲೆ ಸಾಯದಂತೆ ನೋಡುವುದರ ಬೆಲೆ ಹೆಚ್ಚುತ್ತದೆ. ನಾಳ ಪೂರ್ತಿ ಕಟ್ಟಿದ ಅರ್ಧ ತಾಸಿನೊಳಗೆ ಸ್ನಾಯು ಸಾಯಲು ಶುರು, ಆರು ತಾಸಿನಲ್ಲಿ ಬಹುಪಾಲು ಮುಗಿದಿರುತ್ತದೆ. ಕದ್ರಾದಿಂದ ಕಾರವಾರಕ್ಕೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ದೊಡ್ಡ ಚಿಕಿತ್ಸೆಗೆ ಗೋವಾ, ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಎಂದು ಓಡುವುದು ಜಿಲ್ಲೆಯವರಿಗೆ ರೂಢಿಯಾಗಿಬಿಟ್ಟಿದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆ್ಯಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತಾಗ ‘ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು’ ಎಂಬ ಕೂಗು ಎದ್ದಿದ್ದು ಯಾರೂ ಮರೆತಿಲ್ಲ. 2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಕುಸಿದಾಗಲೂ ಗೋವಾ ಆಸ್ಪತ್ರೆಯ ದಾರಿಯದ್ದೇ ಚಿಂತೆ.

ಈ ದೂರದ ತೊಂದರೆಗೇ ಮಾಡಿದ್ದು ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸಿ, ಹೃದಯಾಘಾತ ಎಂದಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುವುದು ಇದರ ಕ್ರಮ. ಹೊರಗೆ ಈ ಇಂಜೆಕ್ಷನ್‌ಗೆ ಹತ್ತಾರು ಸಾವಿರ ರೂಪಾಯಿ. ನೋವು ಶುರುವಾದ ಮೂರು ತಾಸಿನೊಳಗೆ ಕೊಟ್ಟರೆ ಉಪಯೋಗ ಹೆಚ್ಚು, ಹನ್ನೆರಡು ತಾಸಿನ ನಂತರ ಅಷ್ಟಕ್ಕಷ್ಟೆ. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಇಸಿಜಿ ತೆಗೆಯುತ್ತಾರಾ, ಈ ಇಂಜೆಕ್ಷನ್ ಇದೆಯಾ ಎಂದು ಆರಾಮಿದ್ದಾಗಲೇ ಹೋಗಿ ವಿಚಾರಿಸಿಟ್ಟುಕೊಳ್ಳಿ. ಮಳೆಗಾಲದ ನಡುರಾತ್ರಿ ಅದನ್ನು ಹುಡುಕುವುದಲ್ಲ.

ಎದೆ ಮಧ್ಯೆ ಒತ್ತಿದಂತಾಗಿ, ಎಡಗೈಗೋ ದವಡೆಗೋ ನೋವು ಹರಿದು, ಮೈ ಬೆವರಿದರೆ ‘ಗ್ಯಾಸ್ ಇರ್ಬೇಕು’ ಎಂದು ಸೋಡಾ ಕುಡಿದು ಅಂಗಡಿ ಗಲ್ಲಾದ ಮೇಲೆ ತಲೆ ಇಟ್ಟು ಕೂರುವುದು ಇಲ್ಲಿಯ ಅಭ್ಯಾಸ. ಹೆಂಗಸರಲ್ಲಿ ಮತ್ತು ಶುಗರ್ ಇದ್ದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಉಸಿರುಕಟ್ಟು, ವಾಕರಿಕೆ ಆಗಬಹುದು. ಸ್ವಂತ ಬೈಕ್ ಹತ್ತಬೇಡಿ, 108ಕ್ಕೆ ಫೋನ್ ಮಾಡಿ. ಮೊದಲೇ ಸ್ಟೆಂಟ್ ಆಗಿದ್ದರೆ ಹಳೆಯ ಇಸಿಜಿ, ಡಿಸ್ಚಾರ್ಜ್ ಚೀಟಿ, ಈಗ ತಗೊಳ್ಳುವ ಮಾತ್ರೆಯ ಪಟ್ಟಿ ಒಂದೇ ಪ್ಲಾಸ್ಟಿಕ್ ಕವರಿನಲ್ಲಿರಲಿ. ಹೊಸ ಇಸಿಜಿಯನ್ನು ಹಳೆಯದರ ಪಕ್ಕ ಇಟ್ಟು ನೋಡಿದರೆ ಡಾಕ್ಟರಿಗೆ ತೀರ್ಮಾನ ಬೇಗ ಆಗುತ್ತದೆ. ಆ ಕವರ್ ಎಲ್ಲಿದೆ ಎನ್ನುವುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಬೇಕು.